ತವರಿನ ವ್ಯಾನು

ಮುದ್ದೆ ಕೋಲು ಕಾಣೆಯಾದ ದಿನವೇ ಬಸವಲಿಂಗಮ್ಮನಿಗೆ ಆ ವ್ಯಾನನ್ನು ಕಂಡರೆ ಹೇಸಿಗೆ ಶುರುವಾಯಿತು. ಒಲೆಯ ಮೇಲೆ ಎಸರು ಕೊತಕೊತ ಕುದಿಯುತ್ತಿತ್ತು, ಹಿಟ್ಟು ಬಿದ್ದಾಗಿತ್ತು, ಕೋಲು ಮಾತ್ರ ಇಟ್ಟ ಜಾಗದಲ್ಲಿ ಇರಲಿಲ್ಲ. ಗೂಡು ನೋಡಿದಳು, ಸಿಂಕಿನ ಕೆಳಗೆ ನೋಡಿದಳು, ಬಚ್ಚಲಿಗೂ ಹೋಗಿ ಬಂದಳು. ಅಷ್ಟರಲ್ಲಿ, ಕ್ಲಿನಿಕ್ಕಿನ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟಿದ್ದ ಸೊಸೆ ನಂದಿತಾ ಹೊರಗಿನಿಂದಲೇ ಕೂಗಿದಳು.

"ಅತ್ತೆ, ನಿಮ್ಮ ಕೋಲು ಗಾಡಿ ಕೆಳಗಿದೆ."

"ಗಾಡಿ ಕೆಳಗೆ ಯಾರು ಮುದ್ದೆ ತಿರುವ್ತಾವ್ರೆ?"

"ನಿಮ್ಮ ಮಗ. ಬಂದು ನೋಡಿ."

ಅಂಗಳದಲ್ಲಿ ವ್ಯಾನು ಜಾಕಿನ ಮೇಲೆ ಕಾಲೆತ್ತಿ ನಿಂತಿತ್ತು. ಕೆಳಗಿನಿಂದ ಮಗ ಗುರುಪ್ರಕಾಶನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಗಂಡ ಅಡವಿಯಪ್ಪ ಹಣೆಯ ತುಂಬ ವಿಭೂತಿ ಬಳಿದುಕೊಂಡು, ಸ್ಟೂಲಿನ ಮೇಲೆ ಕುಳಿತು, ಹಾಡುಹಗಲಲ್ಲಿ ಟಾರ್ಚು ಹಿಡಿದಿದ್ದ. ಕ್ಲಚ್ ಪ್ಲೇಟನ್ನು ನಟ್ಟನಡುವೆ ಕೂರಿಸಲು ಗುಂಡಗಿರುವ ಒಂದು ಕೋಲು ಬೇಕಿತ್ತಂತೆ. ಗ್ಯಾರೇಜಿನವರ ಹತ್ತಿರ ಅದಕ್ಕೆಂದೇ ಸಾಮಾನಿರುತ್ತದೆ. ಆದರೆ ಗ್ಯಾರೇಜಿಗೆ ಹೋಗಬಾರದೆಂದು ಹಟ ಹಿಡಿದವರಿಗೆ ಅಡುಗೆಮನೆಯೇ ಗತಿ.

ಗುರುಪ್ರಕಾಶ ಕೈ ಚಾಚಿ ಕೋಲನ್ನು ಹೊರಗೆ ಕೊಟ್ಟ. ತುದಿಯಿಂದ ನಡುವಿನವರೆಗೆ ಕಪ್ಪು ಗ್ರೀಸು ಮೆತ್ತಿತ್ತು.

"ತೊಳೆದ್ರೆ ಹೋಗ್ತದೆ ಬುಡು," ಎಂದ ಅಡವಿಯಪ್ಪ.

"ನೀವು ತೊಳೀರಿ ನೋಡಣ."

"ಬೆಳಬೆಳಗ್ಗೆ ಬಾಯಿಗೆ ಬಾಯಿ ಕೊಡಬೇಡ. ಹೋಗಿ ಮುದ್ದೆ ಮಾಡು."

ಆ ಕೋಲು ಅವಳ ತಾಯಿ ಮದುವೆಯಲ್ಲಿ ಕೊಟ್ಟದ್ದು. ಹಿಡಿಯುವ ಕಡೆ ಸವೆದು ಅವಳ ಅಂಗೈಗೆ ಹೊಂದಿಕೊಂಡಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದಳು, ಸೋಪು ಹಾಕಿದಳು, ಹುಣಸೆಹಣ್ಣು ತಿಕ್ಕಿದಳು, ಬಿಸಿಲಿಗಿಟ್ಟಳು. ಬಣ್ಣ ಸ್ವಲ್ಪ ಇಳಿಯಿತೇ ಹೊರತು ವಾಸನೆ ಇಳಿಯಲಿಲ್ಲ. ಕೊನೆಗೆ ಪಕ್ಕದ ಮನೆಯ ಹೊಂಬಾಳಮ್ಮನ ಹತ್ತಿರ ಒಂದು ಕೋಲು ಎರವಲು ತಂದು ಮುದ್ದೆ ಮಾಡಿದಳು. ಯಾಕೆಂದರೆ ಅಡವಿಯಪ್ಪ ಮುದ್ದೆ ಇಲ್ಲದ ಊಟವನ್ನು ಊಟವೆಂದು ಒಪ್ಪುವ ಮನುಷ್ಯನಲ್ಲ. ಮದುವೆಮನೆಯಲ್ಲಿ ಹೋಳಿಗೆ ತಿಂದು ಬಂದರೂ ಮನೆಯಲ್ಲಿ ಅರ್ಧ ಮುದ್ದೆ ನುಂಗಿಯೇ ಮಲಗುವವನು.

ತುಮಕೂರಿನ ಬಟವಾಡಿಯಲ್ಲಿ ಅವರದು ಪಾತ್ರೆ ಮತ್ತು ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಮಠದ ದಾಸೋಹವಿರಲಿ, ಗೃಹಪ್ರವೇಶವಿರಲಿ, ಅಡವಿಯಪ್ಪನ ಕೊಪ್ಪರಿಗೆ ಹೋಗಲೇಬೇಕು. ಸಾಮಾನು ಸಾಗಿಸಲು ಒಂದು ಹಳೆಯ ಶಾಲಾ ವ್ಯಾನು ಕೊಂಡು, ಸೀಟುಗಳನ್ನು ಬಿಚ್ಚಿ ತಾರಸಿಯ ಮೇಲೆ ಪೇರಿಸಿದ್ದರು. ಶ್ರಾವಣಕ್ಕೆ ಮುಂಚೆ ಕುಣಿಗಲ್ ಕಡೆಯ ಮದುವೆ ಮುಗಿಸಿ ಬರುವಾಗ ಅದರ ಇಂಜಿನ್ ಕಾದು ಹೊಗೆ ಎದ್ದಿತು. ನಿಲ್ಲಿಸಿ ನೀರು ಹಾಕುವ ಬದಲು ಗುರುಪ್ರಕಾಶ, ಮನೆ ಹತ್ತಿರ ಬಂತಲ್ಲ ಎಂದು ಒತ್ತಿಕೊಂಡೇ ಬಂದ. ಮನೆ ಬರಲಿಲ್ಲ, ಇಂಜಿನ್ ಹಿಡಿದುಕೊಂಡು ಕೆಟ್ಟು ನಿಂತಿತು.

ಕುಣಿಗಲ್‌ನ ಗುಜರಿಯವನೊಬ್ಬನ ಹತ್ತಿರ ಬೇರೊಂದು ಗಾಡಿಯ ಇಂಜಿನ್ ಸಿಕ್ಕಿತು. ಅವನು, "ಇದ್ರ ಗೇರ್‌ಬಾಕ್ಸೂ ಇದೆ, ಜೋಡಿಯಾಗಿ ತಗೊಳ್ಳಿ" ಎಂದನಂತೆ. ಅಡವಿಯಪ್ಪ ಚೌಕಾಸಿ ಮಾಡಿ ಇಂಜಿನ್ ಒಂದನ್ನೇ ತಂದ. ಅವನನ್ನು ಹೇಗೆ ಬಗ್ಗಿಸಿದೆ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಗ್ಯಾರೇಜಿನ ಅರ್ಷದ್ ಬಂದು ನೋಡಿ ತಲೆ ಕೆರೆದುಕೊಂಡ.

"ಅಡವಿಯಪ್ಪಣ್ಣ, ಗೇರ್‌ಬಾಕ್ಸ್ ಎಲ್ಲಿ?"

"ನಮ್ ಗಾಡಿದೇ ಇದ್ಯಲ್ಲಪ್ಪ."

"ಅದು ಇದಕ್ಕೆ ಕೂರಲ್ಲ. ಬೋಲ್ಟ್ ತೂತು ಒಂದಕ್ಕೊಂದು ಬರಲ್ಲ, ಶಾಫ್ಟು ಗಿಡ್ಡ ಆಗ್ತದೆ. ಇಂಜಿನ್ ಜೋರಿದೆ, ನಿಮ್ ಗೇರ್‌ಬಾಕ್ಸ್ ತಡ್ಕೊಳಲ್ಲ. ತರೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದೀನಿ. ನಿನ್ನಲ್ಲ, ದೇವರನ್ನ. ವೀರಭದ್ರ ಬಲಗಡೆ ಹೂ ಕೊಟ್ಟವ್ನೆ."

ಅರ್ಷದ್‌ಗೆ ನಗು ಬಂತೋ ಏನೋ, ಕೆಮ್ಮಿದ. "ಹಂಗಾದ್ರೆ ನಾನ್ಯಾಕೆ," ಎಂದು ಬೈಕು ಹತ್ತಿ ಹೋದ.

ಹೂ ಕೇಳಿದ ಕತೆಯೂ ಬಸವಲಿಂಗಮ್ಮನಿಗೆ ಗೊತ್ತು, ಹಣ್ಣುಕಾಯಿ ತಟ್ಟೆ ಹಿಡಿದು ಅವಳೂ ಗುಡಿಯಲ್ಲಿ ಕೂತಿದ್ದಳಲ್ಲ. ಮನೆದೇವರ ಮುಂದೆ ಕೂತು ಗಂಡ, "ಇಂಜಿನ್ ಕೂರೋದಾದ್ರೆ ಬಲಕ್ಕೆ ಕೊಡಪ್ಪ" ಎಂದ. ಹೂ ಎಡಕ್ಕೆ ಬಿತ್ತು. ಕೇಳಿದ ರೀತಿ ಸರಿಯಿರಲಿಲ್ಲ ಎಂದು ಮತ್ತೆ ಕೇಳಿದ. ಹೂ ಅಲ್ಲಾಡಲಿಲ್ಲ. ಮೂರನೆಯ ಸಲ ಪೂಜಾರಿಗೆ ಕಣ್ಣು ಸನ್ನೆ ಮಾಡಿ ದೇವರ ಬಲಭುಜದ ಮೇಲೆ ಒದ್ದೆ ಸೇವಂತಿಗೆಯನ್ನು ಇಟ್ಟೂ ಇಡದ ಹಾಗೆ ಇಡಿಸಿದ. ಬೀಳದೆ ಇನ್ನೇನು ಮಾಡೀತು. ಥೂ, ದೇವರಿಗೇ ಕೈ ಹಾಕಿದರಲ್ಲ ಇವರು ಎಂದು ಅವಳಿಗೆ ತೀರ್ಥ ಗಂಟಲಲ್ಲಿ ಇಳಿಯಲಿಲ್ಲ.

ಕಡೆಗೆ ಅಪ್ಪ ಮಗ ಸೇರಿ ರಸ್ತೆಬದಿಯ ವೆಲ್ಡಿಂಗ್‌ನವನಿಂದ ಒಂದು ಕಬ್ಬಿಣದ ಪ್ಲೇಟು ಮಾಡಿಸಿ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಬೆಸೆದರು. ಮುದ್ದೆ ಕೋಲು ಗಾಡಿ ಕೆಳಗೆ ಹೋದದ್ದೂ ಆಗಲೇ. ಗಾಡಿ ಸ್ಟಾರ್ಟ್ ಆಯಿತು. ಅಡವಿಯಪ್ಪ ಕಾಯಿ ಒಡೆದ.

ಮೊದಲ ಬಾಡಿಗೆಗೇ ಬಣ್ಣ ಬಯಲಾಯಿತು. ಗುಬ್ಬಿ ರಸ್ತೆಯ ಇಳಿಜಾರಿನಲ್ಲಿ ಮೂರನೇ ಗೇರು ತಾನಾಗಿಯೇ ಎಗರಿ ಹೊರಗೆ ಬಂತು. ಗಾಡಿಗೆ ಇಂಜಿನ್ನಿನ ಹಿಡಿತ ತಪ್ಪಿ ಅದರ ಪಾಡಿಗೆ ಅದು ಓಡಿತು. ಬ್ರೇಕ್ ಮೇಲೆ ನಿಂತು ಹೇಗೋ ಉಳಿದ ಗುರುಪ್ರಕಾಶ. ಮನೆಗೆ ಬಂದವನು ಮಾಡಿದ ಮೊದಲ ಕೆಲಸವೆಂದರೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಗೇರಿನ ಕಡ್ಡಿಯನ್ನು ಸೀಟಿನ ಕಾಲಿಗೆ ಎಳೆದು ಕಟ್ಟಿದ್ದು. ಗೇರು ಹಾಕು, ಟ್ಯೂಬು ಸಿಕ್ಕಿಸು. ಗೇರು ಬದಲಿಸಬೇಕೆ, ಟ್ಯೂಬು ಬಿಚ್ಚು.

ಆ ರಾತ್ರಿ ಊಟಕ್ಕೆ ಕೂತಾಗ ನಂದಿತಾ ಸಾರು ಬಡಿಸುತ್ತ ಗಂಡನನ್ನು ಕೇಳಿದಳು.

"ರೀ, ಟ್ಯೂಬ್ ಕಟ್ಟಿದೀರಲ್ಲ, ಅದು ಕಿತ್ತೋದ್ರೆ?"

"ಇನ್ನೊಂದು ಟ್ಯೂಬ್ ಇದೆ."

"ನಾನು ಕೇಳ್ತಿರೋದು ಟ್ಯೂಬಿಂದಲ್ಲ, ನಿಮ್ದು."

"ನಿಂಗೇನ್ ಗೊತ್ತಾಗ್ತದೆ ಗಾಡಿ ವಿಷ್ಯ?"

"ಕ್ಲಿನಿಕ್ಕಿಗೆ ದಿನಾ ಬರ್ತಾರಲ್ಲ, ಕೈಕಾಲು ಮುರ್ಕೊಂಡೋರು. ಅಷ್ಟು ಗೊತ್ತು."

ಅಡವಿಯಪ್ಪ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿ, ಯಾರ ಮುಖವನ್ನೂ ನೋಡದೆ ಹೇಳಿದ. "ಊಟದ ಹೊತ್ತಲ್ಲಿ ಅಪಶಕುನ ಆಡಬೇಡಿ. ಗಾಡಿನ ದಾಟಿಸ್ಬಿಡಣ. ಬೆಳ್ಳಾವಿ ಅಂಜನ್‌ಕುಮಾರ ಒಂದು ವ್ಯಾನು ಬೇಕು ಅಂತಿದ್ದ."

"ಟ್ಯೂಬ್ ಸಮೇತ ದಾಟಿಸ್ತೀರಾ ಮಾವ?"

"ನಂದಿತಾ, ಹಪ್ಳ ತಗೊಂಡ್ಬಾ."

ಬಸವಲಿಂಗಮ್ಮ ಮುದ್ದೆಯ ಪಾತ್ರೆ ಎತ್ತಿಟ್ಟಳು. ಬೆಳ್ಳಾವಿಯವನಾದರೂ ನೋಡಿ ಕೊಳ್ಳುತ್ತಾನೆ, ಮೆಕ್ಯಾನಿಕ್ ಕರೆತರುತ್ತಾನೆ, ಅವನ ಪಾಡು ಅವನದು ಅಂದುಕೊಂಡಳು. ಆದರೆ ದಾಟಿಸುವುದೆಂದರೆ ತನ್ನ ಹೊಟ್ಟೆಯ ಮಗಳಿಗೇ ದಾಟಿಸುತ್ತಾರೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮಗಳು ಶಾಂತಲಾಳನ್ನು ಗುಬ್ಬಿ ತಾಲ್ಲೂಕಿನ ನಿಟ್ಟೂರಿಗೆ ಕೊಟ್ಟಿತ್ತು. ಅಳಿಯ ಕಾಂತೇಶ್ ಒಂದು ಚಿಕ್ಕ ಗೂಡ್ಸ್ ಗಾಡಿ ಇಟ್ಟುಕೊಂಡು ಸಂತೆಗಳಿಗೆ ತರಕಾರಿ ಹೊಡೆಯುತ್ತಿದ್ದ. ಶಾಂತಲಾ ತುಮಕೂರಿನ ಆಚೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದಳು. ಅವಳ ಜೊತೆ ಸುತ್ತಲ ಹಳ್ಳಿಗಳ ಹೆಂಗಸರೂ ಹೋಗುತ್ತಿದ್ದರು. ಬಸ್ಸಿಗೆ ಕಾದು ಸಾಕಾಗಿ ಎಲ್ಲರೂ, "ಒಂದು ವ್ಯಾನು ಮಾಡು ಕಾಂತೇಶಣ್ಣ, ದಿನಾ ನಿನ್ ಗಾಡಿಲೇ ಹೋಗಿ ಬರ್ತೀವಿ" ಎಂದು ಹಿಡಿದಿದ್ದರು. ಒಂದು ಭಾನುವಾರ ಗಂಡ ಹೆಂಡತಿ ತವರಿಗೆ ಬಂದಾಗ ಈ ಮಾತು ಎದ್ದಿತು. ಅಡವಿಯಪ್ಪನ ಕಣ್ಣು ಅರಳಿದ್ದನ್ನು ಬಸವಲಿಂಗಮ್ಮ ಒಗ್ಗರಣೆ ಹಾಕುತ್ತ ಬಾಗಿಲಿನಿಂದ ಕಂಡಳು.

"ಹೊರಗಡೆ ಯಾಕೆ ಹುಡುಕ್ತೀರಿ ಅಳಿಯಂದ್ರೆ? ನಮ್ ವ್ಯಾನು ತಗೊಳ್ಳಿ. ಸೀಟು ತಾರಸಿ ಮೇಲವೆ, ಹಾಕ್ಸಿಕೊಡ್ತೀವಿ. ನಿಮ್ ಗೂಡ್ಸ್ ಗಾಡಿ ನಮ್ ಪಾತ್ರೆಗೆ ಸರಿಯಾಗ್ತದೆ. ಇದು ನಿಮ್ಗೆ, ಅದು ನಮ್ಗೆ. ಒಬ್ರಿಗೊಬ್ರು ಕೊಡೋದು ಏನೂ ಬೇಡ."

ಶಾಂತಲಾಳ ಮುಖ ಊರಗಲವಾಯಿತು. ಕಾಂತೇಶ್ ಸಂಕೋಚದ ಮನುಷ್ಯ. ಕಾಫಿ ಲೋಟವನ್ನು ಸ್ವಲ್ಪ ಹೊತ್ತು ತಿರುಗಿಸಿ ಮೆಲ್ಲಗೆ ಹೇಳಿದ.

"ಇಂಜಿನ್ ಬೇರೆ ಹಾಕ್ಸಿದೀರಿ ಅಂದ್ರಲ್ಲ ಮಾವ. ಅದಕ್ಕೂ ಗೇರ್‌ಬಾಕ್ಸಿಗೂ ಹೊಂದ್ಕೊಂಡಿದೆಯೋ ಇಲ್ವೋ, ಒಂದ್ಸಲ ಗುಬ್ಬಿಲಿ ನಮ್ ಮೆಕ್ಯಾನಿಕ್‌ಗೆ ತೋರಿಸ್ಲಾ? ಹೆಂಗಸ್ರು ಕೂರೋ ಗಾಡಿ ಅಂತ ಅಷ್ಟೇ."

ಅಡವಿಯಪ್ಪ ಲೋಟ ಕೆಳಗಿಟ್ಟ. ಸಿಟ್ಟು ಬಂದವನ ಹಾಗಲ್ಲ, ನೊಂದವನ ಹಾಗೆ ಮುಖ ಮಾಡಿದ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ.

"ತೋರಿಸ್ರಿ. ಯಾಕ್ ಬೇಡ? ಹೆಣ್ಣು ಕೊಟ್ಟೋರ ಮನೆ ವಸ್ತುನ ದನದ ಜಾತ್ರೇಲಿ ಎತ್ತಿನ ಹಲ್ಲು ನೋಡ್ದಂಗೆ ನೋಡ್ರಿ. ನಮ್ ಕಡೆ ತವರಿಂದ ಬಂದಿದ್ದನ್ನ ಕಣ್ಣಿಗೊತ್ಕೊಂಡು ಒಳಗೆ ತಗೊಂಡು ಹೋಗೋದು ವಾಡಿಕೆ. ಈಗಿನ ಕಾಲ, ಇರ್ಲಿ."

"ಅಯ್ಯೋ ಮಾವ, ಹಂಗಲ್ಲ."

"ರೀ, ಅಪ್ಪ ನಮ್ಗೆ ಕೆಟ್ಟದ್ದು ಕೊಡ್ತಾರಾ?" ಎಂದಳು ಶಾಂತಲಾ, ಗಂಡನ ಕಡೆ ಕಣ್ಣು ಬಿಟ್ಟು.

ಕಾಂತೇಶ್ ತಲೆ ತಗ್ಗಿಸಿದ. ಮಾವನ ಮನೆಯ ಗಾಡಿಯ ಬಾನೆಟ್ ಎತ್ತಿಸಿದ ಅಳಿಯ ಎಂಬ ಹೆಸರು ನಿಟ್ಟೂರಿನಿಂದ ಗುಬ್ಬಿಯವರೆಗೆ ಓಡಾಡುವುದು ಅವನಿಗೆ ಬೇಕಿರಲಿಲ್ಲ. "ಬೇಡ ಬಿಡಿ ಮಾವ. ನೀವು ಹೇಳಿದ್ ಮೇಲೆ ಮುಗೀತು," ಎಂದ.

ಇದಾಗಿ ಎರಡು ಗಂಟೆಯೂ ಕಳೆದಿರಲಿಲ್ಲ. ಅಳಿಯ ಊಟ ಮಾಡಿ ಅಡ್ಡಾದಾಗ ಗುರುಪ್ರಕಾಶ ಹೋಗಿ ಅರ್ಷದ್‌ನನ್ನು ಕರೆತಂದ. ಬೀದಿಯಲ್ಲಿ ನಿಂತಿದ್ದ ಅಳಿಯನ ಗಾಡಿಯ ಕೆಳಗೆ ನುಗ್ಗಿಸಿದ. ಇಂಜಿನ್, ಗೇರ್‌ಬಾಕ್ಸ್, ಕ್ಲಚ್ಚು, ಆಯಿಲ್ಲು, ಒಂದನ್ನೂ ಬಿಡಲಿಲ್ಲ. ಅಡವಿಯಪ್ಪ ಗೇಟಿನಲ್ಲಿ ನಿಂತು ಅಳಿಯ ಎದ್ದನೇ ಎಂದು ಹಿಂದೆ ಮುಂದೆ ನೋಡುತ್ತಿದ್ದ.

"ಗಾಡಿ ಕ್ಲೀನಿದೆ," ಎಂದ ಅರ್ಷದ್, ಕೈ ಒರೆಸಿಕೊಳ್ಳುತ್ತ. "ನಿಮ್ದು ಅವ್ರಿಗೆ ಕೊಡ್ತೀರಾ?"

"ನಮ್ಮನೆ ವಿಷ್ಯ, ನಿಂಗ್ಯಾಕೆ?" ಎಂದು ಗುರುಪ್ರಕಾಶ ಅವನ ಜೇಬಿಗೆ ಏನೋ ತುರುಕಿದ.

ಅರ್ಷದ್ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ನಂಗ್ಯಾಕೆ ಬಿಡಿ," ಎಂದ.

ಎಲೆ ಎತ್ತಿ ಹಾಕಲು ಹೊರಗೆ ಬಂದಿದ್ದ ಬಸವಲಿಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಎಲೆಗಳನ್ನು ಅಲ್ಲೇ ಬಿಟ್ಟು ಒಳಗೆ ಬಂದಳು. ಒಳಗೆ ಚಾಪೆಯ ಮೇಲೆ ಅಳಿಯ, ಪಾಪ, ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ಅವತ್ತು ಅವರನ್ನು ಕಳಿಸಿದ ಮೇಲೆ ಅಡುಗೆಮನೆಯಲ್ಲಿ ಗಂಡನನ್ನು ಹಿಡಿದಳು.

"ಶಾಂತಿ ದಿನಾ ಕೂರೋ ಗಾಡಿ ಅದು."

"ನಿಧಾನಕ್ಕೆ ಓಡ್ಸುದ್ರೆ ಏನೂ ಆಗಲ್ಲ."

"ಗುರುನೂ ನಿಧಾನಕ್ಕೇ ಓಡಿಸ್ತಿದ್ದ."

"ಅವ್ನಿಗೆ ಓಡ್ಸಕ್ಕೆ ಬರಲ್ಲ. ಅಳಿಯ ಒಳ್ಳೆ ಡ್ರೈವರ್ರು."

"ಗೇರು ಎಗರ್ತದೆ ಅಂತನಾದ್ರೂ ಹೇಳ್ರಿ."

"ನೋಡೇ, ನೀನು ಬಾಯಿ ಬಿಟ್ಟೆ ಅಂದ್ರೆ ನನ್ನ ಮರ್ಯಾದೆ ಹೋಗ್ತದೆ. ನನ್ನ ಮರ್ಯಾದೆ ಹೋದ್ರೆ ನಿಂದೂ ಹೋಗ್ತದೆ. ವ್ಯಾಪಾರ ನಿಂತದೆ. ಗೂಡ್ಸ್ ಗಾಡಿ ಬಂದ್ರೆ ನಾಕು ಬಾಡಿಗೆ ಬರ್ತದೆ. ಅವ್ರಿಗೆ ಆಮೇಲೆ ಏನಾದ್ರೂ ಮಾಡಣ. ಮೊಸರು ಹಾಕು."

ಇಷ್ಟು ಹೇಳಿ ತಟ್ಟೆ ಮುಂದೆ ಚಾಚಿದ. ಅವನ ಬೆರಳಿನ ಸಂದಿಯಲ್ಲಿ ಕಪ್ಪು ಎಣ್ಣೆ ಇನ್ನೂ ಇತ್ತು. ಆ ಬೆರಳಲ್ಲೇ ಅವನು ಬೆಳಿಗ್ಗೆ ಲಿಂಗಪೂಜೆ ಮಾಡಿದ್ದ, ಅದರಲ್ಲೇ ಈಗ ಮೊಸರನ್ನ ಕಲಸಿದ. ಅವಳು ಮುಖ ತಿರುಗಿಸಿಕೊಂಡಳು.

ಅಮಾವಾಸ್ಯೆ ಕಳೆದ ಮೇಲಿನ ಸೋಮವಾರ ಗಾಡಿ ಬದಲಿಸುವುದೆಂದು ನಿಶ್ಚಯವಾಯಿತು. ಮನೆಯಲ್ಲಿ ಸಡಗರವೋ ಸಡಗರ. ಸೀಟುಗಳು ತಾರಸಿಯಿಂದ ಇಳಿದವು, ಕೆಂಪು ಕವರು ಹೊದ್ದವು. ಗೇರಿನ ಕಡ್ಡಿಗೆ ಮಣಿ ಪೋಣಿಸಿದ ಹೊಸ ಗೌಸು ಬಂತು, ಅದರ ಕೆಳಗೆ ಸೈಕಲ್ ಟ್ಯೂಬಿನ ಗುರುತೂ ಕಾಣದ ಹಾಗೆ. ಶನಿವಾರ ಮಧ್ಯಾಹ್ನ ಗುರುಪ್ರಕಾಶ ಬೆಸುಗೆ ಹಾಕಿದ ಪ್ಲೇಟಿಗೆ ಬೂದು ಬಣ್ಣ ಹಚ್ಚುತ್ತಿದ್ದ. ಬಣ್ಣ ಕಲಸಿದ್ದು ಅವಳ ಉಪ್ಪಿನಕಾಯಿ ಬಟ್ಟಲಲ್ಲಿ.

"ಇದಕ್ಯಾಕೋ ಬಣ್ಣ? ಗಾಡಿ ಹೊಟ್ಟೆ ಒಳಗೆ ಯಾರು ನೋಡ್ತಾರೆ?"

"ತುಕ್ಕು ಹಿಡಿಬಾರ್ದಲ್ಲಮ್ಮ."

"ಸುಳ್ಳು ಹೇಳೋದಾದ್ರೆ ಮುಖ ನೋಡಿ ಹೇಳೋ."

ಅವನು ಬ್ರಷ್ಷನ್ನು ಬಟ್ಟಲಲ್ಲಿ ಅದ್ದಿದ. "ಅಪ್ಪ ಹೇಳಿದಂಗೆ ಮಾಡ್ತಿದೀನಿ. ಇಂಜಿನ್ ಹೋಯ್ತು ಅಂತ ದಿನಾ ಉಗಿತಾರೆ. ಇದೊಂದು ದಾಟಿದ್ರೆ ಸಾಕಾಗಿದೆ ನಂಗೆ."

"ನಿನ್ ತಂಗಿ ಕಣೋ ಅವ್ಳು."

"ಗೊತ್ತಮ್ಮ," ಎಂದು ಮತ್ತೆ ಗಾಡಿಯ ಕೆಳಗೆ ತೂರಿಕೊಂಡ. ಮೂವತ್ತು ದಾಟಿದ ಗಂಡಸು ಅಪ್ಪನ ಬಾಯಿಗೆ ಹೆದರಿ ತಂಗಿಯ ಜೀವಕ್ಕೆ ಬಣ್ಣ ಬಳಿಯುತ್ತಾನಲ್ಲ ಎಂದು ಬಸವಲಿಂಗಮ್ಮನಿಗೆ ಅವನನ್ನು ಹೆತ್ತ ಹೊಟ್ಟೆಯ ಮೇಲೇ ಅಸಹ್ಯವಾಯಿತು. ಬಟ್ಟಲನ್ನು ಅವಳು ವಾಪಸು ಕೇಳಲಿಲ್ಲ.

ಸಂಜೆ ಸೊಸೆಯ ಹತ್ತಿರ ಹೋಗಿ ಕೂತಳು. ನಂದಿತಾ ಕ್ಲಿನಿಕ್ಕಿನಿಂದ ಬಂದು ಅವರೆಕಾಯಿ ಸುಲಿಯುತ್ತಿದ್ದಳು.

"ನೀನು ಶಾಂತಿಗೆ ಒಂದು ಫೋನ್ ಮಾಡಿ ಹೇಳ್ಬಿಡು ಕಣೆ."

"ನಾನು ಹೇಳಲ್ಲ ಅತ್ತೆ."

"ಯಾಕೆ?"

"ನಾನು ಹೇಳಿದ್ರೆ ನಾಳೆ ಏನಾಗ್ತದೆ? ಅಣ್ಣತಂಗಿ ನಡುವೆ ಸೊಸೆ ಹುಳಿ ಹಿಂಡಿದ್ಲು ಅಂತಾರೆ. ಶಾಂತಲಾನೂ ನಂಬಲ್ಲ, ನಂಗೆ ಗಾಡಿ ಸಿಕ್ತು ಅಂತ ಹೊಟ್ಟೆಕಿಚ್ಚಿಗೆ ಹೇಳಿದ್ಲು ಅಂತಾಳೆ. ನಿಮ್ ಮಗಳು, ನೀವ್ ಹೇಳಿ."

"ನಂಗೆ ಫೋನ್ ಮಾಡಕ್ಕೆ ಬಿಡ್ತಾರಾ? ಪಕ್ಕದಲ್ಲೇ ಕೂತಿರ್ತಾರೆ."

"ಕೂತಿರ್ಲಿ. ನಲವತ್ತು ವರ್ಷ ಅವ್ರು ಕೂತಿದ್ರು, ನೀವು ನಿಂತಿದ್ರಿ. ಒಂದಿನ ನಿಂತ್ಕೊಂಡೇ ಹೇಳಿ."

ಮಾತು ಖಾರವಾಗಿತ್ತು. ಆದರೆ ಬಸವಲಿಂಗಮ್ಮನಿಗೆ ಸಿಟ್ಟು ಬರಲಿಲ್ಲ. ಆಮೇಲೆ ಫೋನ್ ಮಾಡಿದಳು ಕೂಡ. ಶಾಂತಲಾ ಎತ್ತಿದವಳೇ, "ಅಮ್ಮ, ಎಲ್ರೂ ನಮ್ ವ್ಯಾನಿಗೇ ಕಾಯ್ತಾವ್ರೆ. ಮುಂದಿನ ಸೀಟು ನಂದೇ ಅಂತ ಹೇಳ್ಬಿಟ್ಟಿದೀನಿ. ನಮ್ಮಪ್ಪನ ಗಾಡಿ ಅಂತ ಎಲ್ರಿಗೂ ಹೇಳ್ಕೊಂಡ್ ಬಂದೆ" ಎಂದಳು. ಪಕ್ಕದ ಕುರ್ಚಿಯಲ್ಲಿ ಅಡವಿಯಪ್ಪ ಪೇಪರಿನ ಮೇಲಿನಿಂದ ನೋಡುತ್ತಿದ್ದ. ಬಸವಲಿಂಗಮ್ಮ "ಊಟ ಆಯ್ತಾ?" ಎಂದಷ್ಟೇ ಕೇಳಿ ಇಟ್ಟಳು. ಇಟ್ಟ ಮೇಲೆ ತನ್ನ ಬಾಯಿಯ ಮೇಲೇ ಅವಳಿಗೆ ಅಸಹ್ಯವಾಯಿತು.

ಸೋಮವಾರ ಬಂತು. ಹೋಳಿಗೆ, ಕೋಸಂಬರಿ, ಹುಳಿ, ಪಾಯಸ, ಎಲ್ಲ ಮಾಡಿದಳು. ಅಳಿಯನ ಗಾಡಿಯೂ ವ್ಯಾನೂ ಎದುರುಬದುರು ನಿಂತಿದ್ದವು. ಎರಡಕ್ಕೂ ಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಹೊಂಬಾಳಮ್ಮನೂ ಬೀದಿಯ ಇನ್ನು ನಾಲ್ಕು ಜನರೂ ಪೂಜೆಗೆ ಬಂದು ನಿಂತಿದ್ದರು. ಅಡವಿಯಪ್ಪ ಬಿಳಿ ಪಂಚೆ ಉಟ್ಟು ಕುಂಬಳಕಾಯಿ ನಿವಾಳಿಸಿ ಒಡೆದ. ಕೀಲಿಕೈಗಳು ಕೈ ಬದಲಾದವು. ಅಳಿಯ ಮಾವನ ಕಾಲಿಗೆ ನಮಸ್ಕಾರ ಮಾಡಿದ. ಮಾವ, "ನೂರು ಕಾಲ ಬಾಳಿ" ಎಂದು ತಲೆಯ ಮೇಲೆ ಕೈ ಇಟ್ಟು ಹರಸಿದ. ಆ ಕೈಯನ್ನು ನೋಡುತ್ತಿದ್ದ ಬಸವಲಿಂಗಮ್ಮನ ಒಳಗೆ ಏನೋ ಕಡಿದುಹೋಯಿತು.

"ಊಟಕ್ಕೆ ಮುಂಚೆ ಮಡಿಲು ತುಂಬಿಸಿಬಿಡ್ತೀನಿ, ಬಾ ಶಾಂತಿ," ಎಂದಳು.

ಹೊಸಿಲ ಬಳಿ ಮಣೆ ಹಾಕಿ ಮಗಳನ್ನು ಕೂರಿಸಿದಳು. ಶಾಂತಲಾ ಸೆರಗನ್ನು ಹಾಸಿ ಹಿಡಿದಳು. ಅಕ್ಕಿ ಹಾಕಿದಳು, ಬೆಲ್ಲದಚ್ಚು ಹಾಕಿದಳು, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ರವಿಕೆ ಕಣ. ಆಮೇಲೆ ಬಾಗಿಲ ಹಿಂದೆ ಇಟ್ಟಿದ್ದ ಮುದ್ದೆ ಕೋಲನ್ನು ತಂದು, ಆ ಬಿಳಿ ಅಕ್ಕಿಯ ಮೇಲೆ ಇಟ್ಟಳು. ಕಪ್ಪು ಹಿಡಿದ ತುದಿ ಮಗಳ ಹೊಸ ಸೀರೆಗೆ ತಗುಲಿತು.

ನಿಂತಿದ್ದವರು ಮುಖ ಮುಖ ನೋಡಿಕೊಂಡರು. ಶಾಂತಲಾ ಬೆಚ್ಚಿ ತಲೆ ಎತ್ತಿದಳು.

"ಇದೇನಮ್ಮ ಇದು, ಮಡಿಲಲ್ಲಿ ಕೊಳಕು ಕೋಲು?"

"ನಮ್ಮಮ್ಮ ನಂಗೆ ಕೊಟ್ಟಿದ್ದು ಕಣೆ. ಮೂಸಿ ನೋಡು."

"ಗ್ರೀಸ್ ವಾಸನೆ."

"ನಿಮ್ಮಪ್ಪ, ನಿಮ್ಮಣ್ಣ ಇದ್ರಲ್ಲಿ ನಿನ್ ವ್ಯಾನಿನ ಕ್ಲಚ್ಚು ಕೂರಿಸವ್ರೆ. ಮೆಕ್ಯಾನಿಕ್ ಆಗಲ್ಲ ಅಂತ ಎದ್ದು ಹೋದ. ಇಂಜಿನ್ ಒಂದು ಗಾಡಿದು, ಗೇರ್‌ಬಾಕ್ಸ್ ಇನ್ನೊಂದು ಗಾಡಿದು. ನಡುವೆ ತಗಡು ಬೆಸೆದವ್ರೆ. ಇಳಿಜಾರಲ್ಲಿ ಗೇರು ಎಗರ್ತದೆ."

"ಏಯ್, ತಲೆ ಕೆಟ್ಟಿದ್ಯೇನೇ ನಿಂಗೆ," ಎಂದು ಅಡವಿಯಪ್ಪ ಮುಂದೆ ಬಂದ. "ಅವ್ಳಿಗೆ ರಾತ್ರಿಯಿಂದ ಮೈ ಸರಿ ಇಲ್ಲ, ಅಳಿಯಂದ್ರೆ. ಏನೇನೋ ಆಡ್ತಾಳೆ."

"ನಂಗೆ ಮೈ ಸರಿ ಇಲ್ದೆ ಇರ್ಬೋದು. ನೀವು ಹೋಗಿ ಮುಂದಿನ ಸೀಟಲ್ಲಿ ಕೂತ್ಕೊಳ್ರಿ. ತವರಿನ ಗಾಡೀಲಿ ಮಗಳನ್ನ ಮೊದಲ್ನೇ ಸಲ ಕಳಿಸುವಾಗ ಅಪ್ಪ ಬಿಟ್ಟು ಬರೋದು ವಾಡಿಕೆ ತಾನೇ? ವ್ಯಾನಲ್ಲೇ ನಿಟ್ಟೂರಿಗೆ ಬಿಟ್ಟು ಬನ್ನಿ. ಗುರು, ನೀನೂ ಹತ್ತಪ್ಪ. ಟ್ಯೂಬು ಬಿಚ್ಚಿ ಓಡ್ಸು."

ಗುರುಪ್ರಕಾಶ ನೆಲ ನೋಡಿದ.

"ನಂಗೆ ಮಂಡಿ ನೋವು," ಎಂದ ಅಡವಿಯಪ್ಪ. "ಅಲ್ಲದೆ ಸಂಜೆ ಮಠದಲ್ಲಿ ಕೆಲಸ ಅದೆ."

"ಮಂಡಿ ನೋವಿದ್ರೆ ನಡೀಬೇಡಿ ಅಂತಾನೇ ಗಾಡಿ ಹತ್ತಿ ಅಂದಿದ್ದು."

"ಇನ್ನೊಂದಿನ ಹೋಗ್ತೀನಿ ಬುಡು."

ಹೊಂಬಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಂತೇಶ್ ಶರಟಿನ ತೋಳು ಮಡಿಸಿದ, ಹೂವಿನ ಹಾರ ಸರಿಸಿ, ವ್ಯಾನಿನ ಬಾಗಿಲು ತೆಗೆದು ಮಣಿಯ ಗೌಸನ್ನು ಮೇಲಕ್ಕೆ ಎತ್ತಿದ. ಟ್ಯೂಬು ಅಲ್ಲೇ ಇತ್ತು. ಆಮೇಲೆ ಹೊಸ ಪಂಚೆಯಲ್ಲೇ ಗಾಡಿಯ ಕೆಳಗೆ ಮಲಗಿ ನೋಡಿದ. ಎದ್ದಾಗ ಅವನ ಬೆರಳಿಗೆ ಪೂರ್ತಿ ಒಣಗದ ಬೂದು ಬಣ್ಣ ಅಂಟಿತ್ತು. ಅದನ್ನು ಮಾವನ ಮುಂದೆ ಹಿಡಿದ.

"ಮಾವ, ನಾನು ಕೇಳಿದ್ದೆ ನಿಮ್ಮನ್ನ," ಎಂದ.

"ಅದು, ಅಳಿಯಂದ್ರೆ..."

"ನಾನು ಮಲಗಿದ್ದಾಗ ನಮ್ ಗಾಡಿನ ನೋಡಿಸಿದ್ರಿ ಅಂತ ನಂಗೆ ಅವತ್ತೇ ಗೊತ್ತಾಯ್ತು. ಚಕ್ರದ ಹತ್ರ ಕೈ ಒರೆಸಿದ ಬಟ್ಟೆ ಬಿದ್ದಿತ್ತು. ಹಿರಿಯರು, ಬಿಡು ಅಂದ್ಕೊಂಡೆ. ಹನ್ನೊಂದು ಮನೆ ಹೆಣ್ಮಕ್ಕಳು ಮಾವ. ನಾನು ಏನು ಮುಖ ಇಟ್ಕೊಂಡು ಅವ್ರ ಮನೆಗಳಿಗೆ ಹೋಗ್ಬೇಕಿತ್ತು?"

ಅವನು ವ್ಯಾನಿನ ಕೀಲಿಕೈಯನ್ನು ಜಗಲಿಯ ಮೇಲೆ ಇಟ್ಟ. ಗುರುಪ್ರಕಾಶನ ಮುಂದೆ ಕೈ ಚಾಚಿದ. ಗುರುಪ್ರಕಾಶ ಜೇಬಿನಿಂದ ಗೂಡ್ಸ್ ಗಾಡಿಯ ಕೀಲಿಕೈ ತೆಗೆದು ಕೊಟ್ಟ. ಶಾಂತಲಾ ಮಡಿಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಎದ್ದಳು. ಅವಳು ಅಪ್ಪನ ಕಡೆ ನೋಡಲೇ ಇಲ್ಲ.

"ಎಲೆ ಹಾಕಿದೀನಿ, ಊಟ ಮಾಡ್ಕೊಂಡು ಹೋಗಿ," ಎಂದಳು ನಂದಿತಾ.

"ಬೇಡ ಅತ್ತಿಗೆ. ಈ ಮನೇಲಿ ಇವತ್ತು ತುತ್ತು ಇಳಿಯಲ್ಲ," ಎಂದಳು ಶಾಂತಲಾ.

ಮಡಿಲಿಗೆ ಬಿದ್ದದ್ದನ್ನು ತವರಿನಲ್ಲಿ ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಅಕ್ಕಿ, ಕಾಯಿ, ಬೆಲ್ಲದ ಜೊತೆ ಆ ಕಪ್ಪು ಕೋಲೂ ಶಾಂತಲಾಳ ಜೊತೆ ಹೋಯಿತು. ಗೂಡ್ಸ್ ಗಾಡಿ ನಿಂಬೆಹಣ್ಣನ್ನು ಅರೆದು ಬೀದಿಯ ತಿರುವಿನಲ್ಲಿ ಮರೆಯಾಯಿತು. ತವರಿಗೆ ಬಂದ ಮಗಳು ಉಣ್ಣದೆ ಹೋದದ್ದನ್ನು ಇಡೀ ಬೀದಿ ನೋಡಿತು.

ಜನ ಚದುರಿದ ಮೇಲೆ ಅಡವಿಯಪ್ಪ ಒಳಗೆ ಬಂದು, ಅಳಿಯನಿಗೆಂದು ಹಾಕಿದ್ದ ಎಲೆಯ ಮುಂದೆಯೇ ಕೂತ. ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದ. ಎರಡನೆಯದಕ್ಕೂ ಸುರಿದುಕೊಂಡ. ತಿನ್ನುತ್ತಲೇ ಎಡಗೈಯಲ್ಲಿ ಫೋನ್ ಹಿಡಿದು ಬೆಳ್ಳಾವಿಗೆ ಹಚ್ಚಿದ.

"ಅಂಜನ್‌ಕುಮಾರಾ, ವ್ಯಾನು ಕೇಳ್ತಿದ್ಯಲ್ಲ. ಹ್ಞೂಂ, ಇದೆ. ಇಂಜಿನ್ ಹೊಸ್ದು ಹಾಕ್ಸಿದೀವಿ. ಬೆಣ್ಣೆ ಥರ ಹೋಗ್ತದೆ. ಮಗಳಿಗೆ ಕೊಡಣ ಅಂತಿದ್ದೆ, ನೀನು ಬೇಕಾದವ್ನು ಅಂತ ನಿಂಗೆ..."

ಬಸವಲಿಂಗಮ್ಮ ಪಾಯಸದ ಸೌಟನ್ನು ಪಾತ್ರೆಗೆ ಬಿಟ್ಟಳು. ಬಂದವಳೇ ಗಂಡನ ಕೈಯಿಂದ ಫೋನ್ ತೆಗೆದುಕೊಂಡಳು. ಮದುವೆಯಾದಾಗಿನಿಂದ ಅವಳು ಅವನ ಕೈಯಿಂದ ಏನನ್ನೂ ಕಿತ್ತುಕೊಂಡವಳಲ್ಲ. ಅವನು ಬಾಯಲ್ಲಿದ್ದ ಹೋಳಿಗೆಯನ್ನು ಜಗಿಯುವುದನ್ನೂ ಮರೆತ.

"ಅಂಜನಪ್ಪ, ನಾನು ಬಸವಲಿಂಗಮ್ಮ. ಬರೋದಾದ್ರೆ ಮೆಕ್ಯಾನಿಕ್ ಕರ್ಕೊಂಡು ಬಾ. ಇಂಜಿನ್ನೂ ಗೇರ್‌ಬಾಕ್ಸೂ ಒಂದಕ್ಕೊಂದು ಕೂತಿಲ್ಲ. ಇಡ್ತೀನಪ್ಪ."

ಫೋನನ್ನು ಎಲೆಯ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು. ಸಂಜೆಯ ಹೊತ್ತಿಗೆ ಹೊಂಬಾಳಮ್ಮನ ಕೋಲನ್ನು ತೊಳೆದು, ಒರೆಸಿ, ಕೊಟ್ಟು ಬಂದಳು.

ರಾತ್ರಿ ಅಡವಿಯಪ್ಪ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಅನ್ನ ಬಿತ್ತು.

"ಮುದ್ದೆ ಎಲ್ಲಿ?"

"ಕೋಲಿಲ್ಲ."

"ಅಂಗಡೀಲಿ ಹೊಸ್ದು ತಂದ್ರಾಯ್ತು."

"ತನ್ನಿ. ಅದ್ರಲ್ಲಿ ನೀವೇ ತಿರುವ್ಕೊಳ್ಳಿ. ನಾನು ತಿರುವೋ ಕೋಲು ನಿಟ್ಟೂರಲ್ಲಿದೆ, ಮಗಳ ಮನೇಲಿ. ಹೋಗಿ, ಬಾಗಿಲಲ್ಲಿ ನಿಂತ್ಕೊಂಡು ಕೇಳಿ ಈಸ್ಕೊಂಡ್ ಬನ್ನಿ."

ಗುರುಪ್ರಕಾಶ ತಟ್ಟೆಯಿಂದ ತಲೆ ಎತ್ತಲಿಲ್ಲ. ನಂದಿತಾ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದಳು.

"ನಾನು ಹೋಗಿ ಕೇಳ್ಬೇಕಾ?" ಎಂದ ಅಡವಿಯಪ್ಪ.

"ಗುಬ್ಬಿ ಬಸ್ಸು ಸ್ಟ್ಯಾಂಡಲ್ಲಿ ಸಿಗ್ತದೆ. ಬಸ್ಸು ಬೇಡ ಅಂದ್ರೆ ವ್ಯಾನಲ್ಲಿ ಹೋಗಿ."

ಅಡವಿಯಪ್ಪ ಬಾಗಿಲಿನಾಚೆ ಅಂಗಳದಲ್ಲಿ ಹಾರ ಹಾಕಿಕೊಂಡು ನಿಂತಿದ್ದ ವ್ಯಾನನ್ನು ನೋಡಿದ. ಆಮೇಲೆ ಅನ್ನಕ್ಕೆ ಕೈ ಹಾಕಿದ.